ಪರದೇಶವಾಸಿಯ ತೆರಿಗೆ: ಕರ್ತವ್ಯವೆಷ್ಟು, ಉಳಿತಾಯವೆಷ್ಟು?

ಸ್ವದೇಶವನ್ನು ಬಿಟ್ಟು ಹೋಗಿ, ಬೇರೊಂದು ರಾಷ್ಟ್ರದಲ್ಲಿ ದುಡಿದು, ಅಲ್ಲಿಯ ಕಾನೂನಿನ ಆಶ್ರಯದಲ್ಲಿ ಸಂಸಾರವನ್ನು ನಡೆಸುತ್ತಿರುವ ಮನುಷ್ಯನ ಸಂಪಾದನೆಯಲ್ಲಿ ಪಾಲು ಕೇಳುವ ಅಧಿಕಾರ ಯಾವ ಸರ್ಕಾರಕ್ಕೆ ಉಂಟು ಎಂಬ ಪ್ರಶ್ನೆಗೆ ಲೋಕದ ರಾಷ್ಟ್ರಗಳು ಎರಡು ಬಗೆಯಾಗಿ ಉತ್ತರ ಕೊಟ್ಟಿವೆ. ಪೌರತ್ವವೇ ತೆರಿಗೆಯ ಮೂಲವೆಂದು ಹೇಳತಕ್ಕ ರಾಷ್ಟ್ರಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಪ್ರಧಾನವಾದದ್ದು. ಮೆಕ್ಸಿಕೋ ನಗರದಲ್ಲಿ ನೆಲಸಿದ್ದ ಕುಕ್ ಎಂಬ ಅಮೆರಿಕನ್ ಪ್ರಜೆಯು, ಮೆಕ್ಸಿಕೋದಲ್ಲಿಯೇ ಹುಟ್ಟಿದ ತನ್ನ ಆದಾಯಕ್ಕೆ ವಾಷಿಂಗ್ಟನ್ನಿಗೆ ಏಕೆ ತೆರಿಗೆ ತೆರಬೇಕೆಂದು ವಾದ ಹೂಡಿದಾಗ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1924ರಲ್ಲಿ, ಪ್ರಜೆ ಎಲ್ಲಿದ್ದರೂ ಸರ್ಕಾರದ ರಕ್ಷಣೆ ಅವನಿಗೆ ಉಂಟು, ಆದುದರಿಂದ ತೆರಿಗೆಯ ಹೊಣೆಯೂ ಉಂಟು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆಫ್ರಿಕದ ಪುಟ್ಟ ರಾಷ್ಟ್ರವಾದ ಎರಿಟ್ರಿಯವು ಪರದೇಶಗಳಲ್ಲಿರುವ ತನ್ನವರಿಂದ ನೂರಕ್ಕೆ ಎರಡರಂತೆ ಕೇಳುತ್ತದೆ. ಭಾರತವೂ ಸೇರಿದಂತೆ ಹೆಚ್ಚುಕಡಮೆ ಉಳಿದ ರಾಷ್ಟ್ರಗಳೆಲ್ಲ ಹಿಡಿದಿರುವುದು ಎರಡನೆಯ ಮಾರ್ಗವನ್ನು: ಮನುಷ್ಯನು ಯಾವ ದೇಶದ ಪ್ರಜೆ ಎಂಬುದಕ್ಕಿಂತ, ಆ ವರ್ಷ ಅವನು ಎಲ್ಲಿ ವಾಸವಾಗಿದ್ದನು ಎಂಬುದೇ ಅಲ್ಲಿ ಮುಖ್ಯ.

ಈ ಭೇದವನ್ನು ಗ್ರಹಿಸದವರಲ್ಲಿ ಎರಡು ಭ್ರಮೆಗಳು ಬೇರೂರಿವೆ. ಭಾರತದ ಪಾಸ್‌ಪೋರ್ಟ್ ಕೈಯಲ್ಲಿರುವ ತನಕ ದುಬೈಯ ಸಂಬಳಕ್ಕೂ ದೆಹಲಿಯ ತೆರಿಗೆ ತಪ್ಪದೆಂಬುದು ಒಂದು. ಅನಿವಾಸಿಯಾದ ಮೇಲೆ ಭಾರತದ ತೆರಿಗೆ ಇಲಾಖೆಯೊಡನೆ ತನ್ನ ಸಂಬಂಧವೇ ಹರಿದುಹೋಯಿತೆಂಬುದು ಇನ್ನೊಂದು. ಮೊದಲನೆಯದರಿಂದ ವೃಥಾ ಭಯ, ಎರಡನೆಯದರಿಂದ ವೃಥಾ ದಂಡ. ಕಾನೂನಿನ ಮಾತು ಇವೆರಡರ ನಡುವೆ ಇದೆ. ನಿವಾಸಿಯಾದವನು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ್ದಕ್ಕೂ ಭಾರತಕ್ಕೆ ಲೆಕ್ಕ ಕೊಡಬೇಕು. ಅನಿವಾಸಿಯಾದವನು ಭಾರತದಲ್ಲಿ ಹುಟ್ಟಿದ ಅಥವಾ ಮೊತ್ತಮೊದಲಿಗೆ ಭಾರತದಲ್ಲಿ ಕೈಸೇರಿದ ಆದಾಯಕ್ಕೆ ಮಾತ್ರ ಲೆಕ್ಕ ಕೊಟ್ಟರೆ ಸಾಕು. 2026ರ ಏಪ್ರಿಲ್ 1ರಿಂದ, 1961ರ ಆದಾಯ ತೆರಿಗೆ ಶಾಸನದ ಸ್ಥಾನಕ್ಕೆ 2025ರ ಶಾಸನ ಬಂದು ವಿಧಿಗಳ ಸಂಖ್ಯೆಗಳೆಲ್ಲ ಬದಲಾದರೂ, ಈ ಮೂಲತತ್ತ್ವ ಬದಲಾಗಿಲ್ಲ.

ದಿನಗಳ ಗಣನೆ

ನಿವಾಸವನ್ನು ನಿರ್ಣಯಿಸುವುದು ಮನಸ್ಸಿನ ಒಲವಲ್ಲ, ಊರಿನ ಅಭಿಮಾನವೂ ಅಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಭಾರತದ ನೆಲದ ಮೇಲೆ ಕಳೆದ ದಿನಗಳ ಸಂಖ್ಯೆ. 182 ದಿನ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿದ್ದವನು ನಿವಾಸಿ. ಆ ವರ್ಷದಲ್ಲಿ 60 ದಿನ, ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವನೂ ನಿವಾಸಿಯೇ ಎಂಬುದು ಎರಡನೆಯ ನಿಯಮ. ಆದರೆ ಉದ್ಯೋಗಾರ್ಥವಾಗಿ ಹೊರಟುಹೋಗುವ ಭಾರತೀಯ ಪ್ರಜೆಗೂ, ಹೊರಗಿದ್ದುಕೊಂಡು ತಂದೆತಾಯಿಗಳನ್ನು ನೋಡಲು ಊರಿಗೆ ಬಂದುಹೋಗುವವನಿಗೂ ಈ ಅರುವತ್ತನ್ನು ನೂರ ಎಂಬತ್ತೆರಡಕ್ಕೆ ಏರಿಸಿ ಕಾನೂನು ಔದಾರ್ಯ ತೋರಿದೆ. ಮೊದಲ ಸಲ ಕೆಲಸಕ್ಕೆಂದು ಹೊರಡುವವರು ಇದರ ಫಲವನ್ನು ಚೆನ್ನಾಗಿ ಮನಗಾಣಬೇಕು. ಏಪ್ರಿಲ್‌ನಿಂದ ಊರಲ್ಲಿಯೇ ಇದ್ದು ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದವನು ಮತ್ತೆ ಮಾರ್ಚ್‌ವರೆಗೆ ಬಾರದಿದ್ದರೆ ಆ ವರ್ಷ ಅನಿವಾಸಿ. ಅಕ್ಟೋಬರಿನಲ್ಲಿ ಹೊರಟ ಅವನ ಸಹೋದ್ಯೋಗಿ ನಿವಾಸಿ, ಆದುದರಿಂದ ಮಾರ್ಚ್‌ವರೆಗಿನ ಅವನ ಪರದೇಶದ ಸಂಬಳವೂ ಇಲ್ಲಿಯ ತೆರಿಗೆಗೆ ಒಳಪಡುತ್ತದೆ. ಪ್ರಯಾಣದ ದಿನಾಂಕವೊಂದನ್ನು ವಿಚಾರಮಾಡಿ ಆರಿಸಿಕೊಂಡದ್ದರಿಂದ ಆಗುವಷ್ಟು ನ್ಯಾಯಸಮ್ಮತ ಉಳಿತಾಯವು ಬೇರೆ ಯಾವ ಚಾತುರ್ಯದಿಂದಲೂ ಆಗುವುದು ಅಪರೂಪ.

2020ರ ಮುಂಗಡಪತ್ರವು ಈ ಔದಾರ್ಯಕ್ಕೆ ಎರಡು ಮಿತಿಗಳನ್ನು ಹಾಕಿತು. ಭಾರತದಲ್ಲಿರುವ ಬಾಡಿಗೆ, ಬಡ್ಡಿ, ವ್ಯಾಪಾರ ಮೊದಲಾದ ಮೂಲಗಳಿಂದ 15 ಲಕ್ಷ ರೂಪಾಯಿಗೂ ಮೀರಿ ಆದಾಯವುಳ್ಳ ಅನಿವಾಸಿಯು ಊರಿಗೆ ಬಂದರೆ, ಅವನ ಮೇರೆ 182 ಅಲ್ಲ, 120 ದಿನ. ಹಾಗೆಯೇ ಇಷ್ಟೇ ಆದಾಯವಿದ್ದು, ವಾಸದ ಕಾರಣದಿಂದ ಬೇರಾವ ದೇಶದಲ್ಲಿಯೂ ತೆರಿಗೆಗೆ ಬಾಧ್ಯನಲ್ಲದ ಭಾರತೀಯ ಪ್ರಜೆಯನ್ನು, ಅವನು ಒಂದು ದಿನವೂ ಇಲ್ಲಿಗೆ ಬಾರದಿದ್ದರೂ, ನಿವಾಸಿಯೆಂದೇ ಭಾವಿಸಲಾಗುವುದು. ಈ ಎರಡನೆಯ ಮಾತು ಹೊರಬಿದ್ದಾಗ, ಸಂಬಳಕ್ಕೆ ತೆರಿಗೆಯೇ ಇಲ್ಲದ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕುಟುಂಬಗಳಲ್ಲಿ ಕಳವಳ ಹುಟ್ಟಿತು. ಮರುದಿನವೇ ಅರ್ಥ ಸಚಿವಾಲಯವು, ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರ ಅಲ್ಲಿಯ ಸಂಪಾದನೆಯನ್ನು ಮುಟ್ಟುವ ಉದ್ದೇಶವಿಲ್ಲವೆಂದು ಸ್ಪಷ್ಟಪಡಿಸಬೇಕಾಯಿತು. ಕೊನೆಗೆ ಶಾಸನವಾದಾಗ, ಈ ಎರಡು ಮಾರ್ಗಗಳಿಂದ ನಿವಾಸಿಗಳಾದವರನ್ನು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ಮಧ್ಯಮ ವರ್ಗಕ್ಕೆ ಸೇರಿಸಲಾಯಿತು. ಈ ವರ್ಗದವರ ಪರದೇಶದ ಆದಾಯವು, ಭಾರತದಿಂದ ನಡೆಸುವ ವ್ಯವಹಾರದ್ದಲ್ಲವಾದರೆ, ಇಲ್ಲಿ ತೆರಿಗೆಗೆ ಒಳಪಡುವುದಿಲ್ಲ.

ದಿನಗಳ ಗಣನೆ ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ಅದೇ ವರ್ಷದ ಮಹಾಮಾರಿ ಸಾಕ್ಷಿ. ವಿಮಾನಗಳು ನಿಂತುಹೋಗಿ, ರಜೆಗೆ ಬಂದವರು ಊರಿನಲ್ಲಿಯೇ ಸಿಕ್ಕಿಬಿದ್ದಾಗ, ನೇರ ತೆರಿಗೆಗಳ ಕೇಂದ್ರ ಮಂಡಳಿಯು 2020ರ ಮೇ 8ರಂದು ಸುತ್ತೋಲೆ ಹೊರಡಿಸಿ, ಮಾರ್ಚ್ 22ರಿಂದ ಆ ಆರ್ಥಿಕ ವರ್ಷಾಂತ್ಯದವರೆಗೆ ನಿರುಪಾಯವಾಗಿ ಉಳಿದ ದಿನಗಳನ್ನು ಲೆಕ್ಕದಿಂದ ಬಿಡಬೇಕೆಂದು ಹೇಳಿತು. ಅಂಥ ದಯೆ ಪ್ರತಿವರ್ಷವೂ ಒದಗುವುದಿಲ್ಲವಾದುದರಿಂದ, ಬಂದ ದಿನ ಹೋದ ದಿನಗಳೆರಡನ್ನೂ ಎಣಿಕೆಗೆ ಹಿಡಿದು, ಮೇರೆಗಿಂತ ಹತ್ತು ಹದಿನೈದು ದಿನ ಈಚೆಯೇ ನಿಲ್ಲುವುದು ವಿವೇಕ.

ನಾವಿಕರ ವಿಷಯವನ್ನು ಇಲ್ಲಿಯೇ ಹೇಳಿಬಿಡಬಹುದು. ಅನಿವಾಸಿ ನಾವಿಕನು ವಿದೇಶೀ ಹಡಗಿನ ಸೇವೆಗಾಗಿ ಪಡೆದ ಸಂಬಳವು ನೇರವಾಗಿ ಭಾರತದ ಬ್ಯಾಂಕಿನಲ್ಲಿ ಅನಿವಾಸಿಗಳು ವಿದೇಶದ ಸಂಪಾದನೆಯನ್ನಿಡುವ ಎನ್‌ಆರ್‌ಇ ಖಾತೆಗೆ ಜಮೆಯಾದರೆ, ಅದು ಭಾರತದಲ್ಲಿ ಕೈಸೇರಿದಂತಾಯಿತಲ್ಲವೇ ಎಂಬ ಶಂಕೆ ಬಹುಕಾಲ ಉಳಿದಿತ್ತು. 2017ರ ಏಪ್ರಿಲ್‌ನ ಸುತ್ತೋಲೆಯು, ಜಮೆಯಾದ ಮಾತ್ರಕ್ಕೆ ತೆರಿಗೆಯಿಲ್ಲವೆಂದು ಹೇಳಿ ಅದನ್ನು ಪರಿಹರಿಸಿತು.

ಖಾತೆಗಳ ವ್ಯವಸ್ಥೆ

ಬ್ಯಾಂಕಿನ ವ್ಯವಹಾರ ನಮ್ಮ ಕರಾವಳಿಗೆ ಹೊಸದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೂ ತಳಹದಿ ಬಿದ್ದ ನೆಲವದು. ಅಲ್ಲಿಂದ ಕೊಲ್ಲಿಗೆ ಹೋದವರು ಕಳಿಸಿದ ಹಣವು ಅಲ್ಲಿಯ ಶಾಖೆಗಳಲ್ಲಿ ಠೇವಣಿಯಾಗಿ ನಿಂತಿದೆ. ಹೀಗಿದ್ದರೂ ಅನಿವಾಸಿಯು ಇಡತಕ್ಕ ಖಾತೆಗಳ ಭೇದ ಅನೇಕರಿಗೆ ಇಂದಿಗೂ ಅಸ್ಪಷ್ಟ. ವಿದೇಶದ ಸಂಪಾದನೆಯನ್ನು ರೂಪಾಯಿಯಾಗಿ ಇಡುವುದು ಎನ್‌ಆರ್‌ಇ ಖಾತೆ. ವಿದೇಶೀ ನಾಣ್ಯದಲ್ಲಿಯೇ ಒಂದರಿಂದ ಐದು ವರ್ಷದವರೆಗೆ ಠೇವಣಿ ಇಡುವುದು ಎಫ್‌ಸಿಎನ್‌ಆರ್. ಭಾರತದಲ್ಲಿಯೇ ಹುಟ್ಟುವ ಬಾಡಿಗೆ, ಲಾಭಾಂಶ, ಪಿಂಚಣಿಗಳನ್ನು ಸೇರಿಸುವುದು ಎನ್‌ಆರ್‌ಒ ಖಾತೆ. ಮೊದಲ ಎರಡರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಸಲು ಬಡ್ಡಿಗಳೆರಡನ್ನೂ ನಿರಾತಂಕವಾಗಿ ಹೊರಗೆ ಒಯ್ಯಬಹುದು. ಮೂರನೆಯದರ ಬಡ್ಡಿಯಿಂದ ಬ್ಯಾಂಕು ಉಪಕರವೂ ಸೇರಿ ನೂರಕ್ಕೆ 31.2ರಂತೆ ಮೂಲದಲ್ಲಿಯೇ ಕಡಿದುಕೊಳ್ಳುತ್ತದೆ; ಅಲ್ಲಿಂದ ಹೊರಗೆ ಒಯ್ಯಲು ವರ್ಷಕ್ಕೆ ಹತ್ತು ಲಕ್ಷ ಡಾಲರಿನ ಮಿತಿಯುಂಟು.

ಈ ವಿನಾಯಿತಿಯನ್ನು ಸರ್ಕಾರದ ದಾನವೆಂದು ಎಣಿಸಬೇಕಾಗಿಲ್ಲ. ವಿದೇಶೀ ವಿನಿಮಯದ ಕ್ಷಾಮವಿದ್ದ 1970ರ ದಶಕದಲ್ಲಿ ಈ ಖಾತೆಗಳು ಹುಟ್ಟಿದವು. ಪೋಖ್ರಾನಿನ ಅಣು ಪರೀಕ್ಷೆಯ ತರುವಾಯ ನಿರ್ಬಂಧಗಳು ಬಂದ 1998ರಲ್ಲಿ, ಭಾರತೀಯ ಸ್ಟೇಟ್ ಬ್ಯಾಂಕಿನ ರಿಸರ್ಜೆಂಟ್ ಇಂಡಿಯಾ ಬಾಂಡುಗಳಲ್ಲಿ ಪರದೇಶವಾಸಿಗಳು 400 ಕೋಟಿ ಡಾಲರಿಗೂ ಹೆಚ್ಚು ತೊಡಗಿಸಿ ಕೈಹಿಡಿದರು. 2022ರಲ್ಲಿ ಭಾರತಕ್ಕೆ ಒಂದೇ ವರ್ಷದಲ್ಲಿ ಬಂದ ರವಾನೆಯ ಮೊತ್ತ ಹತ್ತು ಸಾವಿರ ಕೋಟಿ ಡಾಲರನ್ನು ದಾಟಿತು. ಇಷ್ಟನ್ನು ತರುವ ಜನರಿಗೆ ಬಡ್ಡಿಯ ಮೇಲಿನ ತೆರಿಗೆಯನ್ನು ಬಿಡುವುದು ರಾಷ್ಟ್ರಕ್ಕೂ ಲಾಭದ ವ್ಯಾಪಾರವೇ.

ಆದರೆ ಈ ಸೌಲಭ್ಯ ಪಡೆಯಲು ಮೊದಲ ಕರ್ತವ್ಯವೊಂದುಂಟು. ಹೊರಟುಹೋದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಯಥಾಸ್ಥಿತಿಯಲ್ಲಿ ನಡೆಸಿಕೊಂಡು ಹೋಗುವುದು, 2000ದ ಜೂನ್‌ನಿಂದ ಜಾರಿಯಲ್ಲಿರುವ, ವಿದೇಶೀ ವಿನಿಮಯವನ್ನು ನಿಯಂತ್ರಿಸುವ ಫೆಮಾ ಶಾಸನಕ್ಕೆ ವಿರುದ್ಧ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಆಗಿ ಮಾರ್ಪಡಿಸತಕ್ಕದ್ದು. ಪಿಪಿಎಫ್ ಖಾತೆಯನ್ನು ಅನಿವಾಸಿಯು ಹೊಸದಾಗಿ ತೆರೆಯಲಾರನು. ಮೊದಲೇ ಇದ್ದದ್ದನ್ನು ಹದಿನೈದು ವರ್ಷದ ಅವಧಿ ಮುಗಿಯುವವರೆಗೆ ಮಾತ್ರ ನಡೆಸಬಹುದು. ನಿವೃತ್ತಿಗಾಗಿ ಎನ್‌ಪಿಎಸ್ ಅವನಿಗೆ ತೆರೆದಿದೆ.

ಬಾಡಿಗೆ, ಮನೆ, ಭೂಮಿ

ಹೊರಗಿರುವವನನ್ನು ಭಾರತದ ತೆರಿಗೆಯೊಡನೆ ಗಾಢವಾಗಿ ಕಟ್ಟಿಹಾಕುವುದು ಸ್ಥಿರಾಸ್ತಿ. ಬೆಂಗಳೂರಿನ ಫ್ಲಾಟಿನ ಬಾಡಿಗೆಯನ್ನು ಅನಿವಾಸಿ ಮಾಲೀಕನಿಗೆ ಕೊಡುವ ಬಾಡಿಗೆದಾರನು, ಮೊತ್ತ ಎಷ್ಟೇ ಸಣ್ಣದಾಗಿರಲಿ, ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಮಾಲೀಕನು ಪುರಸಭೆಯ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತನ್ನು ದುರಸ್ತಿ ಮೊದಲಾದವುಗಳಿಗೆಂದು ಬಿಟ್ಟು, ಮಿಕ್ಕದ್ದಕ್ಕೆ ತೆರಿಗೆ ಲೆಕ್ಕ ಹಾಕಬಹುದಾದುದರಿಂದ, ಕಡಿತವಾದದ್ದು ಕೊಡಬೇಕಾದದ್ದಕ್ಕಿಂತ ಅಧಿಕವಾಗಿರುವುದೇ ಸಾಮಾನ್ಯ; ಆ ಅಧಿಕಾಂಶ ಮರಳಿ ಬರಬೇಕಾದರೆ ರಿಟರ್ನ್ ಸಲ್ಲಿಸದೆ ಗತಿಯಿಲ್ಲ. ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲವೆಂಬ ಸುದ್ದಿಯನ್ನು ಓದಿ ನೆಮ್ಮದಿ ತಾಳುವ ಅನಿವಾಸಿಗಳಿಗೆ ಇನ್ನೊಂದು ಮಾತು: ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷ ದಾಟಿದ ಅನಿವಾಸಿಯ ಆದಾಯ ತೆರಿಗೆಗೆ ಒಳಪಟ್ಟದ್ದೇ.

ಮನೆಯನ್ನು ಮಾರುವಾಗಿನ ಅಂತರವಂತೂ ಇನ್ನೂ ಹಿರಿದು. 2012-13ರಲ್ಲಿ 60 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ ಒಂದು ಕೋಟಿಗೆ ಮಾರಿದರೆಂದು ಭಾವಿಸೋಣ. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೆ ನೂರಕ್ಕೆ 12.5ರ ದರ ಬಂದು, ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿಕೊಳ್ಳುವ ಸೂಚ್ಯಂಕದ ಅನುಕೂಲ ಹೋಯಿತು. ಅದಕ್ಕೆ ಮೊದಲು ಕೊಂಡ ಆಸ್ತಿಯ ವಿಷಯದಲ್ಲಿ ನಿವಾಸಿಗೆ, ಸೂಚ್ಯಂಕಸಹಿತವಾದ ಹಳೆಯ 20ರ ದರದ ಲೆಕ್ಕವನ್ನು ಆರಿಸಿಕೊಳ್ಳುವ ಅವಕಾಶವನ್ನು ಉಳಿಸಲಾಯಿತು. ಅನಿವಾಸಿಗೆ ಆ ಅವಕಾಶ ದೊರೆಯಲಿಲ್ಲ. ಈ ಅವಧಿಯಲ್ಲಿ ಸೂಚ್ಯಂಕ 200ರಿಂದ 376ಕ್ಕೆ ಏರಿರುವುದರಿಂದ, ನಿವಾಸಿಯ ಲೆಕ್ಕದಲ್ಲಿ ಕೊಂಡ ಬೆಲೆ 112.8 ಲಕ್ಷವಾಗಿ ಅವನ ತೆರಿಗೆ ಶೂನ್ಯ. ಅನಿವಾಸಿಯ 40 ಲಕ್ಷದ ಲಾಭಕ್ಕೆ ಉಪಕರಸಹಿತ 5.2 ಲಕ್ಷ.

ಅಷ್ಟರಿಂದಲೇ ಕಥೆ ಮುಗಿಯಲಿಲ್ಲ. ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕೂ ಮೇಲಿನ ಬೆಲೆಯ ಮನೆ ಕೊಳ್ಳುವವನು ಕಡಿಯಬೇಕಾದದ್ದು ನೂರಕ್ಕೆ ಒಂದೇ. ಅನಿವಾಸಿಯಿಂದ ಕೊಳ್ಳುವವನು ಪೂರ್ಣ ದರದಲ್ಲಿ ಕಡಿಯಬೇಕು, ಇಲ್ಲವಾದರೆ ಬಾಕಿದಾರನಾಗಿ ತಾನೇ ತೆರಬೇಕಾದೀತು. ಮಾರುವವನ ಲಾಭವೆಷ್ಟೆಂದು ನಿರ್ಣಯಿಸುವ ಅಧಿಕಾರ ತನಗಿಲ್ಲವೆಂದು ಅವನು ಮಾರಾಟದ ಇಡೀ ಬೆಲೆಯ ಮೇಲೆ, ಸರ್ಚಾರ್ಜ್ ಮತ್ತು ಉಪಕರಗಳನ್ನು ಸೇರಿಸಿ ಕಡಿದರೆ, ನಮ್ಮ ಉದಾಹರಣೆಯಲ್ಲಿ 14.3 ಲಕ್ಷ ರೂಪಾಯಿ ಇಲಾಖೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾರಾಟಕ್ಕೆ ಮೊದಲೇ ತೆರಿಗೆ ಅಧಿಕಾರಿಗೆ ಅರ್ಜಿ ಸಲ್ಲಿಸಿ, ನಿಜವಾದ ಲಾಭಕ್ಕೆ ತಕ್ಕಷ್ಟೇ ಕಡಿತ ಮಾಡಬೇಕೆಂಬ ಪ್ರಮಾಣಪತ್ರ ಪಡೆದರೆ, ನಿಜವಾದ 5.2 ಲಕ್ಷದ ತೆರಿಗೆಗಿಂತ ಹೆಚ್ಚಾಗಿ ಸಿಕ್ಕಿಕೊಳ್ಳುವ ಒಂಬತ್ತು ಲಕ್ಷದ ಬಂಧನ ತಪ್ಪುತ್ತದೆ. ಲಾಭವನ್ನು ಎರಡು ವರ್ಷದೊಳಗೆ ಭಾರತದಲ್ಲಿ ಇನ್ನೊಂದು ವಾಸದ ಮನೆ ಕೊಳ್ಳಲು ಬಳಸುವುದು, ಅಥವಾ ಆರು ತಿಂಗಳೊಳಗೆ 50 ಲಕ್ಷದವರೆಗೆ ನಿಯಮಿತ ಬಾಂಡುಗಳಲ್ಲಿ ಐದು ವರ್ಷಕ್ಕೆ ತೊಡಗಿಸುವುದು, ತೆರಿಗೆಯನ್ನೇ ಇಲ್ಲವಾಗಿಸುವ ಮಾರ್ಗಗಳು. ಇವು ಅನಿವಾಸಿಗೂ ಮುಕ್ತವಾಗಿವೆ.

ಕೃಷಿಭೂಮಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ 79ಎ ಮತ್ತು 79ಬಿ ವಿಧಿಗಳನ್ನು ಕರ್ನಾಟಕವು 2020ರಲ್ಲಿ ತೆಗೆದುಹಾಕಿತೆಂಬುದು ನಿಜ. ಆದರೆ ಅನಿವಾಸಿಯು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳಬಾರದೆಂಬ ನಿಷೇಧ ಫೆಮಾದ್ದು, ಅದು ಹಾಗೆಯೇ ಇದೆ. ಪಿತ್ರಾರ್ಜಿತವಾಗಿ ಬಂದ ಅಡಕೆ ತೋಟವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಎರಡು ಸರ್ಕಾರಗಳ ನಡುವೆ

ಇಲ್ಲಿ ತೆರಿಗೆಯಿಲ್ಲದ್ದಕ್ಕೆ ಅಲ್ಲಿಯೂ ಇಲ್ಲವೆಂದು ನಂಬುವುದು, ವಿದ್ಯಾವಂತರೂ ಮಾಡುವ ದೊಡ್ಡ ಪ್ರಮಾದ. ಎನ್‌ಆರ್‌ಇ ಠೇವಣಿಯ ಬಡ್ಡಿ ಭಾರತದಲ್ಲಿ ಮುಕ್ತ. ಕ್ಯಾಲಿಫೋರ್ನಿಯದಲ್ಲಿ ನೆಲಸಿದ ಕನ್ನಡಿಗನು ಅದನ್ನು ಅಮೆರಿಕದ ರಿಟರ್ನಿನಲ್ಲಿ ಆದಾಯವೆಂದು ತೋರಿಸಿ ತೆರಿಗೆ ತೆರಬೇಕು. ವಿದೇಶದಲ್ಲಿರುವ ಅವನ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದಾದರೊಂದು ದಿನ ಹತ್ತು ಸಾವಿರ ಡಾಲರನ್ನು ಮೀರಿದರೆ, ಎಫ್‌ಬಿಎಆರ್ ಎಂಬ ವರದಿಯನ್ನು ಪ್ರತ್ಯೇಕವಾಗಿ ಕೊಡತಕ್ಕದ್ದು. ಭಾರತದ ಮ್ಯೂಚುವಲ್ ಫಂಡುಗಳನ್ನು ಆ ದೇಶದ ಕಾನೂನು ಶಿಕ್ಷೆಯೆನ್ನಿಸುವಷ್ಟು ಕಠಿಣವಾದ ನಿಯಮಗಳಿಗೆ ಒಳಪಡಿಸುತ್ತದೆ. ಅಲ್ಲಿ ಹುಟ್ಟಿದ ಮಕ್ಕಳೊಡನೆ ಬೆಂಗಳೂರಿಗೆ ಹಿಂದಿರುಗಿದವರಿಗೂ ಕುಕ್‌ನ ಕಾಲದ ಆ ತತ್ತ್ವ ಅನ್ವಯಿಸುತ್ತದೆ: ಆ ಮಕ್ಕಳು ಅಮೆರಿಕದ ಪ್ರಜೆಗಳಾದುದರಿಂದ, ಮುಂದೆ ಇಲ್ಲಿ ಉದ್ಯೋಗ ಹಿಡಿದರೂ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ಹನ್ನೆರಡು ತಿಂಗಳಲ್ಲಿ 330 ದಿನ ಅಮೆರಿಕದ ಹೊರಗಿದ್ದವರಿಗೆ ದುಡಿಮೆಯ ಆದಾಯದಲ್ಲಿ, 2025ರ ಮಟ್ಟಿಗೆ, 1,30,000 ಡಾಲರಿನವರೆಗೆ ವಿನಾಯಿತಿಯುಂಟು. ಬಡ್ಡಿ ಬಾಡಿಗೆಗಳಿಗೆ ಅದಿಲ್ಲ, ಅವುಗಳಿಗೆ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಹಾಕಿಸಿಕೊಳ್ಳಬಹುದು. ಹೀಗಾಗಿ ಅನೇಕರಿಗೆ ತೆರಿಗೆ ಬೀಳುವುದಿಲ್ಲ, ಆದರೆ ಲೆಕ್ಕ ಕೊಡುವುದು ತಪ್ಪುವುದಿಲ್ಲ.

ಒಂದೇ ಆದಾಯಕ್ಕೆ ಎರಡು ಸರ್ಕಾರಗಳು ಕೈಚಾಚುವುದನ್ನು ತಡೆಯುವುದಕ್ಕಾಗಿಯೇ ಭಾರತವು 90ಕ್ಕೂ ಮಿಕ್ಕ ದೇಶಗಳೊಡನೆ ದ್ವಿತೆರಿಗೆ ನಿವಾರಣಾ ಒಪ್ಪಂದಗಳನ್ನು ಮಾಡಿಕೊಂಡಿದೆ. ಎನ್‌ಆರ್‌ಒ ಬಡ್ಡಿಯ ಮೇಲಿನ 31.2ರ ಕಡಿತವು, ಒಪ್ಪಂದದ ಬಲದಿಂದ, ಅಮೆರಿಕದ ನಿವಾಸಿಗೆ 15ಕ್ಕೂ ಸಂಯುಕ್ತ ಅರಬ್ ಸಂಸ್ಥಾನದ ನಿವಾಸಿಗೆ 12.5ಕ್ಕೂ ಇಳಿಯಬಲ್ಲದು, ತಾನಿರುವ ದೇಶದ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರವನ್ನು ಪಡೆದು ಬ್ಯಾಂಕಿಗೆ ಒಪ್ಪಿಸುವುದು ಅದಕ್ಕೆ ಬೇಕಾದ ಮುಖ್ಯ ಶ್ರಮ. ಆತಿಥೇಯ ದೇಶದ ಕಾನೂನು ಕಾಲಕಾಲಕ್ಕೆ ಬದಲಾಗುವುದನ್ನೂ ಗಮನಿಸುತ್ತಿರಬೇಕು: ಒಮಾನ್ ದೇಶವು ಕೊಲ್ಲಿಯಲ್ಲಿ ಮೊದಲನೆಯದಾಗಿ, 42,000 ರಿಯಾಲ್ ಮೀರಿದ ವೈಯಕ್ತಿಕ ಆದಾಯಕ್ಕೆ 2028ರಿಂದ ನೂರಕ್ಕೆ ಐದರ ತೆರಿಗೆ ಘೋಷಿಸಿದೆ, ಅಮೆರಿಕದಿಂದ ನಗದು ರೂಪದಲ್ಲಿ ಹೊರಗೆ ಕಳಿಸುವ ಹಣಕ್ಕೆ 2026ರ ಜನವರಿಯಿಂದ ನೂರಕ್ಕೆ ಒಂದರ ತೆರಿಗೆಯುಂಟು, ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ಹಿಂದಿರುಗುವವರಿಗೆ

ಬಹುಕಾಲ ಹೊರಗಿದ್ದು ಮರಳಿದವನನ್ನು ಕಾನೂನು ಒಮ್ಮೆಲೇ ಪೂರ್ಣ ನಿವಾಸಿಯ ಹೊರೆಗೆ ಕೊರಳೊಡ್ಡುವಂತೆ ಮಾಡುವುದಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತರಲ್ಲಿ ಅನಿವಾಸಿಯಾಗಿದ್ದವನು, ಅಥವಾ ಹಿಂದಿನ ಏಳು ವರ್ಷಗಳಲ್ಲಿ 729 ದಿನಗಳಿಗೆ ಮೀರದಷ್ಟು ಮಾತ್ರ ಇಲ್ಲಿದ್ದವನು, ಮೇಲೆ ಹೇಳಿದ ಆ ಮಧ್ಯಮ ವರ್ಗದಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ ಉಳಿಯುತ್ತಾನೆ. ವಿದೇಶದ ಷೇರುಗಳನ್ನು ಮಾರುವುದಕ್ಕೂ ಹಣವನ್ನು ತರುವುದಕ್ಕೂ ಇದೇ ಪ್ರಶಸ್ತ ಕಾಲ. ಎನ್‌ಆರ್‌ಇ ಖಾತೆಯನ್ನು ಮಾತ್ರ ಬಂದೊಡನೆಯೇ ಮಾರ್ಪಡಿಸಬೇಕು; ವಿದೇಶೀ ನಾಣ್ಯವನ್ನು ಆರ್‌ಎಫ್‌ಸಿ ಖಾತೆಯಲ್ಲಿಟ್ಟರೆ ಈ ಮಧ್ಯಕಾಲದಲ್ಲಿ ಅದರ ಬಡ್ಡಿಗೂ ತೆರಿಗೆಯಿಲ್ಲ. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಕೂಡಿಟ್ಟ ನಿವೃತ್ತಿ ನಿಧಿಯ ವಾರ್ಷಿಕ ವೃದ್ಧಿಗೆ ವರ್ಷವರ್ಷವೂ ತೆರಿಗೆ ತೆರದೆ, ಹಿಂತೆಗೆಯುವಾಗ ತೆರುವ ಆಯ್ಕೆಯನ್ನೂ ಕಾನೂನು ಕೊಟ್ಟಿದೆ.

ಈ ಅವಧಿ ಕಳೆದು ಸಾಮಾನ್ಯ ನಿವಾಸಿಯಾದ ಮೇಲೆ, ಹೊರದೇಶದ ಪ್ರತಿಯೊಂದು ಖಾತೆ, ಷೇರು, ಮನೆಗಳನ್ನು ರಿಟರ್ನಿನಲ್ಲಿ ಕಾಣಿಸಲೇಬೇಕು. ಕಾಣಿಸದವರಿಗೆ 2015ರ ಕಪ್ಪುಹಣ ಶಾಸನವು ಹತ್ತು ಲಕ್ಷ ರೂಪಾಯಿಗಳ ದಂಡವನ್ನು ವಿಧಿಸುತ್ತದೆ. ಸ್ಥಿರಾಸ್ತಿಯನ್ನು ಬಿಟ್ಟು ಒಟ್ಟು 20 ಲಕ್ಷಕ್ಕೆ ಮೀರದ ಆಸ್ತಿಗಳಿಗೆ 2024ರ ಅಕ್ಟೋಬರಿನಿಂದ ಈ ದಂಡದಿಂದ ಬಿಡುಗಡೆಯುಂಟು. ಯಾರಿಗೂ ಗೊತ್ತಾಗದೆಂಬ ಭರವಸೆ ಇಂದು ನಿರಾಧಾರವಾದದ್ದು. ಅಮೆರಿಕದೊಡನೆ 2015ರ ಫಾಟ್ಕಾ ಒಪ್ಪಂದದ ಮೂಲಕವೂ, ಇತರ ರಾಷ್ಟ್ರಗಳೊಡನೆ 2017ರಿಂದ ಸ್ವಯಂಚಾಲಿತ ವಿನಿಮಯ ಪದ್ಧತಿಯ ಮೂಲಕವೂ ಖಾತೆಗಳ ವಿವರಗಳು ಸರ್ಕಾರದಿಂದ ಸರ್ಕಾರಕ್ಕೆ ಹೋಗುತ್ತಿವೆ.

ತೆರಿಗೆಯನ್ನು ಕಾನೂನಿನೊಳಗೆ ಮಿತಗೊಳಿಸುವುದಕ್ಕೂ ವಂಚಿಸುವುದಕ್ಕೂ ಇರುವ ಅಂತರವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 1985ರ ಮ್ಯಾಕ್‌ಡೊವೆಲ್ ಮೊಕದ್ದಮೆಯಲ್ಲಿಯೂ, 2003ರ ಆಜಾದಿ ಬಚಾವೋ ಆಂದೋಲನ ಮೊಕದ್ದಮೆಯಲ್ಲಿಯೂ ದೀರ್ಘವಾಗಿ ವಿಚಾರಿಸಿತು. ಅನಿವಾಸಿಯ ಮಟ್ಟಿಗೆ ಆ ವಿಚಾರದ ಸಾರ ಸರಳವಾದದ್ದು. ಅವನಿಗೆ ದಕ್ಕಬಹುದಾದ ಉಳಿತಾಯದಲ್ಲಿ ಬಹುಪಾಲು ಕಾನೂನು ಬಹಿರಂಗವಾಗಿಯೇ ಕೊಟ್ಟದ್ದು. ಮುಚ್ಚಿಡುವುದರಿಂದ ಗಳಿಸುವಂಥದ್ದು ಯಾವುದೂ ಉಳಿದಿಲ್ಲ. ಆದುದರಿಂದ ಪರದೇಶದಲ್ಲಿರುವ ಪ್ರತಿಯೊಬ್ಬ ಕನ್ನಡಿಗನೂ ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವ ಮೊದಲೇ, ತಾನು ಭಾರತದಲ್ಲಿ ಕಳೆದ ದಿನಗಳನ್ನು ಪಾಸ್‌ಪೋರ್ಟಿನ ಮುದ್ರೆಗಳೊಡನೆ ತಾಳೆ ನೋಡಿ ಬರೆದಿಡಲಿ, ತನ್ನ ಸ್ಥಿತಿಯನ್ನು ಬ್ಯಾಂಕಿಗೆ ತಿಳಿಸಲಿ, ತೆರಿಗೆ ಬೀಳಲಿ ಬೀಳದಿರಲಿ ಎರಡೂ ದೇಶಗಳಲ್ಲಿ ಸಲ್ಲಬೇಕಾದ ರಿಟರ್ನುಗಳನ್ನು ಸಕಾಲದಲ್ಲಿ ಸಲ್ಲಿಸಲಿ. ಆಸ್ತಿ ಮಾರುವ ಮತ್ತು ಊರಿಗೆ ಮರಳುವ ವರ್ಷಗಳಲ್ಲಿ ಮಾತ್ರ, ಎರಡೂ ಕಡೆಯ ಕಾನೂನು ಬಲ್ಲ ಲೆಕ್ಕಪರಿಶೋಧಕರನ್ನು ಕಾಣದೆ ಸಹಿ ಹಾಕದಿರಲಿ.